ಮುಳುಗುವ ಕಾಡಿಗೆ ಬಿದ್ದ ಬೆಂಕಿ

ಪ್ರೆಕ್ ರೇಂಗ್
ವೈಶಾಖ ಬಹುಳ ಷಷ್ಠಿ

ತಮ್ಮಾ ನಿಮೊಲ್,

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದೇ ಕಾಗದ ಶುರು ಮಾಡಬೇಕೆಂದು ಚಿಕ್ಕಂದಿನಲ್ಲಿ ಮಠದ ಗುರುಗಳು ಕಲಿಸಿದ್ದರು. ಹಾಗೇ ಬರೆದಿದ್ದೇನೆ ಅಂದುಕೋ. ಮುಂದಿನದು ನಿಜ.

ನಿನಗೆ ವರ್ಷದ ಸಜೆ ಆಯಿತೆಂದು ಮೀನಿಗೆ ಐಸ್ ತರುವ ದೋಣಿಯವನು ಬಂದು ಹೇಳಿದ. ಅವನ ಕೈಯಲ್ಲೇ ಈ ಕಾಗದ, ಒಂದು ಸಣ್ಣ ಭರಣಿ ಪ್ರಹೋಕ್ ಕಳಿಸುತ್ತಿದ್ದೇನೆ. ಕಾವಲಿನವರು ವಾಸನೆಗೆ ಮೂಗು ಮುಚ್ಚಿಕೊಂಡರೆ ನಿನಗೇ ಒಳ್ಳೆಯದು, ಭರಣಿ ನಿನ್ನ ಕೈಗೆ ಬೇಗ ಸೇರುತ್ತದೆ. ಹೋದ ವರ್ಷದ ಮೀನಿನದು. ಯಿಮ್ ಅಜ್ಜಿ ಉಪ್ಪು ಹಾಕಿ ತುಳಿದದ್ದು.

ಊರಿನವರ ಬಾಯಲ್ಲಿ ನೀನು ಆಗಲೇ ಕಥೆಯಾಗಿದ್ದೀಯ. ನೀನು ಕುಡಿದಿದ್ದೆ ಎಂದು ಒಬ್ಬರು. ಆಮೆ ಹಿಡಿಯಲು ಬೇಕೆಂದೇ ಹುಲ್ಲಿಗೆ ಬೆಂಕಿ ಕೊಟ್ಟೆ ಎಂದು ಇನ್ನೊಬ್ಬರು. ಇದನ್ನೆಲ್ಲ ಕೇಳಿ ಕೇಳಿ ಸಾಕಾಗಿ ಯಿಮ್ ಅಜ್ಜಿ ತನ್ನ ಮನೆಯ ಜಗಲಿಯಿಂದಲೇ ಕೂಗಿ ಹೇಳಿದಳು: "ಅವನಪ್ಪ ಮಾಡಿದ್ದನ್ನೇ ಇವನೂ ಮಾಡಿದ ಕಣ್ರೋ. ಹೆಜ್ಜೇನಿಗೆ ಹೊಗೆ ಹಾಕಿದ, ತಟ್ಟಿ ಕೊಯ್ದ, ಸೂಡಿ ಕೆಳಕ್ಕೆ ಬಿಟ್ಟ. ನಿಮ್ಮಲ್ಲಿ ಯಾರು ಸೂಡಿ ಹಿಡ್ಕೊಂಡು ಮರ ಇಳ್ದಿದೀರಿ, ಹೇಳಿ ನೋಡೋಣ."

ಬೆಂಕಿ ಹಿಡಿದು ಮರ ಇಳಿಯಬಾರದು, ಕಿಡಿಯ ಹಿಂದೆ ಹುಳು ಬೀಳುತ್ತವೆ, ಸೂಡಿಯನ್ನು ಬಿಟ್ಟುಬಿಡು, ಕೆಳಗಿನ ನೀರು ನುಂಗುತ್ತದೆ ಎಂದು ಅಪ್ಪ ನಿನಗೆ ಹೇಳಿಕೊಟ್ಟಾಗ ನಾನೂ ದೋಣಿಯಲ್ಲಿದ್ದೆ. ಎಂಥ ಬೇಸಿಗೆಯಲ್ಲೂ ಆ ಕಾಡಿನ ಬುಡದಲ್ಲಿ ನೀರಿಲ್ಲದಿದ್ದರೆ ಕೆಸರಾದರೂ ಇರುತ್ತಿತ್ತು. ಈ ಸಲ ಕೆಸರು ಒಣಗಿ ಬಿರಿದಿತ್ತು. ನೀನು ಜೇನಿನ ಡಬ್ಬಿ ಹೊತ್ತು ಮನೆಗೆ ಬಂದು ಉಂಡು ಮಲಗಿದ ಮೇಲೂ ಬೆಂಕಿ ನೆಲದೊಳಗೆ ಬೇರು ಹಿಡಿದು ನಡೆಯುತ್ತಿತ್ತು. ಅದು ಎದ್ದದ್ದು ಎರಡು ದಿನ ಬಿಟ್ಟು, ಬೇರೆ ಕಡೆ.

ಈಗ ಆರಿದೆ. ನಮ್ಮ ಮಗ್ಗುಲಿನ ಮುಳುಗುಕಾಡು ಪೂರ್ತಿ ಹೋಯಿತು. ಕೊಕ್ಕರೆ ಕಾಲುವೆಯ ಬಾಯಲ್ಲಿ ಮಾತ್ರ ಒಂದು ಗುಂಪು ರೇಂಗ್ ಮರ ಹಸಿರಾಗಿ ನಿಂತಿದೆ.

ಮಠದ ತೆಪ್ಪದ ಮೇಲೆ ಊರು ಕೂಡಿತ್ತು. ನಾನು ಎದ್ದು ನಿಂತು ಸೆಂಗ್ ತಾತನನ್ನು ಕೇಳಿದೆ, ಸಜೆ ಮುಗಿದ ಮೇಲೆ ನನ್ನ ತಮ್ಮ ಮನೆಗೆ ಬರಬಹುದೇ ಎಂದು. ಹಿಂದಿನಿಂದ ಒಬ್ಬ, ಬರಲಿ, ಕರಕು ಮರಕ್ಕೆ ಕಟ್ಟಿಹಾಕೋಣ ಎಂದ. ನಿನ್ನ ಭಾವ ನನ್ನ ಪಕ್ಕದಲ್ಲೇ ಇದ್ದರು, ತಮ್ಮ ಕಾಲಿನ ಹೆಬ್ಬೆರಳು ನೋಡುತ್ತ ಕೂತಿದ್ದರು. ಸೆಂಗ್ ತಾತ ಊರಿನ ಯಜಮಾನನಾಗಿ ಎಷ್ಟು ಜಗಳ ತೀರಿಸಿದ್ದಾನೆ, ನಿನಗೆ ಗೊತ್ತು. ಮೀನು ಹಿಡಿಯುವ ಜಾಗಕ್ಕೆ ಎರಡು ಮನೆಗಳು ಕಾದಾಡಿದರೆ ಏನು ಹೇಳುತ್ತಿದ್ದನೋ ಅದನ್ನೇ ಹೇಳಿದ:

"ನಾನು ಹೇಳೋದೂ ಬೇಡ, ನೀವು ಹೇಳೋದೂ ಬೇಡ. ನೀರು ಹೇಳಲಿ. ಸುಟ್ಟ ಕಾಡಿಗೆ ನೀರು ಏರ್ದಾಗ ಮೀನು ಬಂದು ಮೊಟ್ಟೆ ಇಟ್ಟು, ಕಾರ್ತಿಕದ ಹುಣ್ಣಿಮೆಗೆ ನಮ್ಮ ಬಲೆ ತುಂಬಿದ್ರೆ ಅವನು ಬರಲಿ. ಇಲ್ಲಾಂದ್ರೆ ಈ ಸರೋವರದಲ್ಲಿ ಅವನ ದೋಣಿ ಕಾಣಬಾರದು."

ನೀರಿನ ತೀರ್ಪಿಗೆ ಎದುರು ಆಡುವವರು ನಮ್ಮಲ್ಲಿ ಇಲ್ಲ. ಅದಕ್ಕೆ ನಾನೂ ಕೈ ಮುಗಿದು ಕೂತೆ.

ಸರಿಯಾಗಿ ಊಟ ಮಾಡು. ಭಾವ ಏನೂ ಹೇಳಿಕಳಿಸಿಲ್ಲ.

ನಿನ್ನ ಅಕ್ಕ
ಕೊಲಾಪ್

*

ಜಿಲ್ಲಾ ಸೆರೆಮನೆ
ಜ್ಯೇಷ್ಠ ಶುದ್ಧ ದ್ವಾದಶಿ

ಅಕ್ಕಾ,

ಕಾಗದ ಸಿಕ್ಕಿತು. ಭರಣಿಯೂ ಸಿಕ್ಕಿತು, ಅರ್ಧ. ಉಳಿದರ್ಧ ಕಾವಲಿನವರ ಅನ್ನಕ್ಕೆ ಹೋಯಿತು. ಅವರೂ ನೀರಿನ ಬದಿಯಲ್ಲಿ ಹುಟ್ಟಿದವರೇ ಇರಬೇಕು.

ಇಲ್ಲಿ ನೆಲ ಅಲ್ಲಾಡುವುದಿಲ್ಲ. ಹುಟ್ಟಿದಾಗಿನಿಂದ ತೇಲುವ ಮನೆಯಲ್ಲಿ ಮಲಗಿದವನಿಗೆ ಸಿಮೆಂಟಿನ ಮೇಲೆ ನಿದ್ದೆ ಬರುವುದು ಕಷ್ಟ. ನನ್ನ ಪಕ್ಕದ ಚಾಪೆ ಬುನ್ ಅಣ್ಣನದು. ಉತ್ತರದವನು, ಮೆಕಾಂಗ್ ದಂಡೆಯವನು, ಮರ ಕದ್ದು ಸಾಗಿಸಿ ಸಿಕ್ಕಿಬಿದ್ದಿದ್ದಾನೆ. ನಾನು ಕಾಡು ಸುಟ್ಟವನು, ಅವನು ಕಾಡು ಕಡಿದವನು, ಇಬ್ಬರನ್ನೂ ಒಂದೇ ಕೋಣೆಗೆ ಹಾಕಿದ್ದಾರೆ ಎಂದು ಅವನೇ ನಗುತ್ತಾನೆ.

ನಮ್ಮ ನೀರಿನ ಹುಟ್ಟೂರು ಅವನಿಗೆ ಗೊತ್ತು. ತುಂಬ ದೂರದ ಬೆಟ್ಟಗಳಲ್ಲಿ ಹಿಮ ಕರಗಬೇಕು, ಅದರ ಮೇಲೆ ಮಳೆಗಾಳಿ ಬಂದು ಸುರಿಯಬೇಕು, ಆಗ ಮೆಕಾಂಗ್ ಉಬ್ಬುತ್ತದೆ, ಸಮುದ್ರಕ್ಕೆ ಹೋಗಲು ಜಾಗ ಸಾಲದೆ ಅರ್ಧ ನೀರು ನಮ್ಮ ಹೊಳೆಯನ್ನು ಹಿಂದಕ್ಕೆ ದೂಡಿಕೊಂಡು ಸರೋವರಕ್ಕೆ ನುಗ್ಗುತ್ತದೆ ಎನ್ನುತ್ತಾನೆ. ನಾವು ದೋಣಿಗಳ ಮೂತಿ ತಿರುಗುವುದನ್ನಷ್ಟೇ ನೋಡಿ ಬೆಳೆದವರು. ಈ ವರ್ಷ ಮೇಲೆ ಮಳೆಯಿಲ್ಲ, ಇರುವ ನೀರಿಗೂ ಅಲ್ಲಲ್ಲಿ ಗೋಡೆ ಕಟ್ಟಿದ್ದಾರಂತೆ. "ನಿನ್ನ ಸೂಡಿ ಬೀಳೋ ಮುಂಚೆನೇ ನಿಮ್ಮ ಕಾಡು ಒಲೆ ಆಗಿತ್ತು ತಮ್ಮಾ" ಎಂದ. ಸಮಾಧಾನಕ್ಕೆ ಹೇಳಿದ ಮಾತು. ಒಲೆಗೆ ಬೆಂಕಿ ಹಾಕಿದವನು ನಾನೇ ತಾನೇ?

ದೋಣಿಗಳ ಮೂತಿ ತಿರುಗಿತೇ? ಅದೊಂದನ್ನು ಬರೆ. ಸುಟ್ಟ ಬುಡಗಳಲ್ಲಿ ಚಿಗುರು ಇದೆಯೇ ನೋಡು. ರೇಂಗ್ ಮರದ ಬೇರು ಗಟ್ಟಿ, ಪೂರ್ತಿ ಸಾಯುವುದಿಲ್ಲ.

ತಾತನಿಗೆ ನನ್ನ ನಮಸ್ಕಾರ ಹೇಳುವುದೋ ಬೇಡವೋ ನೀನೇ ನೋಡು.

ನಿಮೊಲ್

*

ಪ್ರೆಕ್ ರೇಂಗ್
ಆಷಾಢ ಬಹುಳ ತದಿಗೆ

ತಮ್ಮಾ,

ಮೂತಿ ತಿರುಗಿಲ್ಲ. ದಿನಾ ಬೆಳಗ್ಗೆ ಎದ್ದು ಹೆಂಗಸರೆಲ್ಲ ಮೊದಲು ನೋಡುವುದು ಕಟ್ಟಿದ ದೋಣಿಗಳ ಕಡೆಗೆ. ಎಲ್ಲವೂ ಇನ್ನೂ ಸಮುದ್ರಕ್ಕೆ ನೀರನ್ನು ಕಳಿಸಿಕೊಡುವವರ ಹಾಗೆ ನಿಂತಿವೆ. ಜ್ಯೇಷ್ಠ ಮುಗಿಯುವುದರೊಳಗೆ ತಿರುಗಬೇಕಿತ್ತು.

ಚಿಗುರು ಕೇಳಿದ್ದೆಯಲ್ಲ, ನೋಡಿ ಬಂದೆ. ಕೆಲವು ಬುಡಗಳಲ್ಲಿ ಕೆಂಪಗೆ ಒಂದೆರಡು ಎಲೆ ಇಣುಕಿವೆ. ಬಿಸಿಲಿಗೆ ಸಂಜೆಯ ಹೊತ್ತಿಗೆ ಬಾಡುತ್ತವೆ. ಮುಟ್ಟಲಿಲ್ಲ.

ಸರೋವರ ಗಂಜಿಯ ಹಾಗೆ ಬಿಸಿಯಾಗಿದೆ. ಮೀನು ಹೊಟ್ಟೆ ಮೇಲೆ ಮಾಡಿ ತೇಲಿದವು. ಮೊದಲ ದಿನ ಎಲ್ಲರೂ ಬುಟ್ಟಿ ತೆಗೆದುಕೊಂಡು ಓಡಿದರು, ಹಬ್ಬದ ಹಾಗೆ. ಮಾರನೆಯ ದಿನ ಮೂಗು ಮುಚ್ಚಿಕೊಂಡು ಓಡಿದರು.

ದಂಡೆಯ ಮೇಲಿನ ಕುಂಬಳದ ಗದ್ದೆಯವರು ದೋಣಿ ಮಾಡಿಕೊಂಡು ನಮ್ಮಲ್ಲಿಗೆ ಬಂದಿದ್ದರು. ಹೂವೇನೋ ಬಿಟ್ಟಿತಂತೆ, ಒಂದೂ ಕಾಯಿ ಕಚ್ಚಲಿಲ್ಲವಂತೆ. ನಿಮ್ಮ ಹುಳುಗಳು ಎಲ್ಲಿ ಎಂದು ಕೇಳಿದರು, ನಾವು ಜೇನುಹುಳುಗಳನ್ನು ಬಿಡಾರದಲ್ಲಿ ಕಟ್ಟಿಟ್ಟಿದ್ದೇವೋ ಎನ್ನುವ ಹಾಗೆ. ಒಂದೆರಡು ಹಿಂಡು ಬಂದದ್ದು ನಿಜ. ಕರಿ ಮರಗಳ ಮೇಲೆ ಸುತ್ತು ಹಾಕಿ, ಕೂರಲು ಕೊಂಬೆ ಸಿಕ್ಕದೆ ಬೆಟ್ಟದ ಕಡೆ ಹೋದವು. ಆ ಗದ್ದೆಯವರು ನಮಗೆ ವರ್ಷ ವರ್ಷವೂ ಮೀನಿಗೆ ಬದಲು ಅಕ್ಕಿ ಕೊಡುತ್ತಿದ್ದವರು. ಈ ಸಲ ಅವರಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ. ಒಬ್ಬರ ಮುಖ ಒಬ್ಬರು ನೋಡಿ, ಹುಳಿ ಸಾರು ಕುಡಿದು ಹೋದರು.

ಹೆಜ್ಜಾರ್ಲೆಗಳು ಬಂದು ಸುಟ್ಟ ಕೊಂಬೆಗಳ ಮೇಲೆ ಕೂತು ನೋಡಿದವು. ಗೂಡು ಕಟ್ಟಲಿಲ್ಲ. ಒಳ್ಳೆಯದಾಯಿತು, ಮೀನು ತಿನ್ನುವ ಬಾಯಿ ಕಡಿಮೆಯಾಯಿತು ಎಂದು ನಾನು ಅಂದೆ. ಯಿಮ್ ಅಜ್ಜಿ ಎಲೆಯಡಿಕೆ ಉಗಿದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಹಕ್ಕಿ ಹಿಕ್ಕೆ ಹಾಕದ ನೀರು ಹಸಿರಾಗಲ್ಲ. ಹಸಿರಾಗದ ನೀರಲ್ಲಿ ಮರಿಮೀನು ಏನು ತಿನ್ನುತ್ತೆ, ನೀನು ಬರೆಯೋ ಕಾಗದಾನಾ?"

ಅವಳ ಬಾಯಿಗೆ ಸಿಕ್ಕಿಹಾಕಿಕೊಂಡರೆ ಹೀಗೇ. ಆಮೇಲೆ ತಾನೇ ಕರೆದು ಕೂರಿಸಿಕೊಂಡು ಹೇಳಿದಳು: "ನೀರು ಏರ್ದಾಗ ಮೀನು ಇರುವೆ ತಿನ್ನುತ್ತೆ, ನೀರು ಇಳ್ದಾಗ ಇರುವೆ ಮೀನು ತಿನ್ನುತ್ತೆ ಅಂತ ನಮ್ಮವರ ಗಾದೆ. ಈ ಸಲ ಇರುವೆನೂ ಸುಟ್ಟೋಯ್ತು. ಯಾರು ಯಾರನ್ನ ತಿನ್ನೋದು?" ಅವಳಿಗೆ ನಗು ಬಂತು. ನನಗೆ ಬರಲಿಲ್ಲ.

ಅವಳ ಪ್ರಹೋಕ್ ಭರಣಿಗಳಲ್ಲಿ ಅರ್ಧಕ್ಕರ್ಧ ಖಾಲಿ. ಉಳಿದ ತುಂಬಿದ ಭರಣಿಗಳ ಪಕ್ಕದಲ್ಲೇ ಚಾಪೆ ಹಾಸಿ ಮಲಗುತ್ತಾಳೆ. ಈ ಗಂಡನ ಪಕ್ಕದಲ್ಲಿ ಮಲಗಿ ಏನು ಸಿಕ್ಕಿತು ಎನ್ನುತ್ತಾಳೆ, ಸೆಂಗ್ ತಾತನಿಗೆ ಕೇಳಿಸುವ ಹಾಗೆ.

ನಿನ್ನ ನಮಸ್ಕಾರ ತಾತನಿಗೆ ಹೇಳಿದೆ. ತಲೆ ಆಡಿಸಿದ. ಹೂಂ ಎಂದೋ ಉಹೂಂ ಎಂದೋ ತಿಳಿಯಲಿಲ್ಲ.

ಅಕ್ಕ
ಕೊಲಾಪ್

*

ಜಿಲ್ಲಾ ಸೆರೆಮನೆ
ಶ್ರಾವಣ ಶುದ್ಧ ನವಮಿ

ಅಕ್ಕಾ,

ಮೆಕಾಂಗ್ ಏರುತ್ತಿದೆ ಎಂದು ಬುನ್ ಅಣ್ಣನನ್ನು ನೋಡಲು ಬಂದ ಅವನ ಮಗಳು ಹೇಳಿದಳು. ತಡವಾಗಿ ಬಂದರೂ ಬಂತು. ಇಷ್ಟು ಹೊತ್ತಿಗೆ ನಮ್ಮಲ್ಲಿಯೂ ದೋಣಿಗಳು ತಿರುಗಿರಬೇಕು. ಮನೆಗಳನ್ನು ಎಳೆದುಕೊಂಡು ಊರು ಕಾಡಿನೊಳಗೆ ಸಾಗುವ ಸಿದ್ಧತೆ ನಡೆಯುತ್ತಿರಬೇಕು.

ಅದಕ್ಕೇ ಈ ಕಾಗದ. ದಯವಿಟ್ಟು ತಾತನ ಮುಂದೆ ಓದು. ಹಳೆಯ ಜಾಗಕ್ಕೆ ಹೋಗಬೇಡಿ. ಆಶ್ವಯುಜದ ಗಾಳಿ ಬಂದಾಗ ಅಲೆಗಳು ನಮ್ಮ ತನಕ ಬಾರದಂತೆ ತಡೆಯುತ್ತಿದ್ದದ್ದು ಮುಂದಿನ ಕಾಡು. ಅಲೆ ಆ ಎಲೆಗಳ ನಡುವೆ ನುಗ್ಗಿ ಸಾವಿರ ಚೂರಾಗಿ, ನಮ್ಮ ಮನೆಯ ತೆಪ್ಪಕ್ಕೆ ಬರುವಾಗ ಬಟ್ಟಲಿನ ನೀರಿನಷ್ಟು ಅಲುಗುತ್ತಿತ್ತು. ಈಗ ಅಲ್ಲಿ ಕಂಬಗಳಷ್ಟೇ ಇವೆ. ಕಂಬಗಳ ನಡುವೆ ಅಲೆ ನಿಲ್ಲುವುದಿಲ್ಲ. ಆ ಕಂಬಗಳಿಗೂ ಒಳಗೆ ಬೇರಿಲ್ಲ, ನಾನು ನೋಡಿದ್ದೇನೆ, ಬೆಂಕಿ ನಡೆದದ್ದೇ ಬೇರಿನಲ್ಲಿ.

ಎಲ್ಲ ಮನೆಗಳನ್ನೂ ಕೊಕ್ಕರೆ ಕಾಲುವೆಗೆ ಎಳೆದುಕೊಂಡು ಹೋಗಿ. ದೂರ, ಡೀಸೆಲ್ ಖರ್ಚು, ಜಾಗ ಇಕ್ಕಟ್ಟು, ಎಲ್ಲ ಗೊತ್ತು. ಆದರೂ ಅಲ್ಲಿ ಮರ ಇದೆ.

ನನ್ನ ಹೆಸರು ಹೇಳದೆ ಹೇಳಿದರೂ ಸರಿ.

ನಿಮೊಲ್

*

ಪ್ರೆಕ್ ರೇಂಗ್
ಭಾದ್ರಪದ ಬಹುಳ ಬಿದಿಗೆ

ತಮ್ಮಾ,

ನೀರು ಬಂತು. ಒಂದು ಬೆಳಗ್ಗೆ ಬಟ್ಟೆ ಒಗೆಯಲು ಕೂತವಳು ನೋಡುತ್ತೇನೆ, ನಮ್ಮ ದೋಣಿ ಮನೆಯ ಇನ್ನೊಂದು ಮಗ್ಗುಲಿಗೆ ಹೋಗಿ ನಿಂತಿದೆ. ಪ್ರತಿ ವರ್ಷ ಆ ದಿನ ತಟ್ಟೆ ಬಡಿಯುತ್ತಿದ್ದೆವು. ಈ ಸಲ ಎಲ್ಲರೂ ಜಗಲಿಗೆ ಬಂದು ಸುಮ್ಮನೆ ನಿಂತು ನೋಡಿದರು. ಬಂದ ನೀರೂ ಸಾಲದು. ನಿನ್ನ ಎತ್ತರದ ಗುರುತು ಕೊರೆದಿದ್ದ ಮರಕ್ಕೆ ಸೊಂಟದ ತನಕ ಕೂಡ ಏರಿಲ್ಲ.

ನಿನ್ನ ಕಾಗದ ಸಮಯಕ್ಕೆ ಸರಿಯಾಗಿ ಬಂತು. ಓದಿದೆ, ನಿನ್ನ ಹೆಸರು ಹೇಳಿಯೇ ಓದಿದೆ. ಮಠದ ತೆಪ್ಪದಲ್ಲಿ ಎಲ್ಲರೂ ಇದ್ದರು. ಸೆಂಗ್ ತಾತ ಕೊನೆಯ ತನಕ ಕೇಳಿದ. ಆಮೇಲೆ ಹೀಗೆಂದ: "ನಮ್ಮ ಮುತ್ತಾತಂದಿರು ಕಟ್ಟಿದ ಜಾಗ ಅದು. ಕಾಡು ಸುಟ್ಟೋನ ಬಾಯಿಂದ ದಾರಿ ಕೇಳ್ಕೊಂಡು ಊರು ಎಳೆಯೋಕೆ ನನ್ನ ಕೈಲಾಗಲ್ಲ."

ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ. ಎಲ್ಲರೂ ತನ್ನ ಕಡೆಗೇ ನೋಡುತ್ತಿದ್ದಾರೆ ಎಂಬ ಭಯ ಇತ್ತು. ಡೀಸೆಲ್ ಇಲ್ಲದವರು, ಇಕ್ಕಟ್ಟು ಬೇಡ ಎನ್ನುವವರು ಎಲ್ಲರೂ ಹೌದೆಂದರು. ಯಿಮ್ ಅಜ್ಜಿ ಒಬ್ಬಳೇ ಎದ್ದು, ಹುಡುಗ ಸರಿಯಾಗೇ ಹೇಳ್ತಾನೆ ಎಂದಳು. ಹೆಂಗಸರ ಮಾತು ಬೇಡ ಎಂದು ಯಾರೋ ಗೊಣಗಿದರು. "ಬೇಡ ಬಿಡಪ್ಪ. ನನ್ನ ಪ್ರಹೋಕ್ ಬೇಕಾದಾಗ ಗಂಡಸರ ಹತ್ರನೇ ಕೇಳು" ಎಂದು ಕೂತಳು.

ನಾವಿಬ್ಬರೇ ಬೇರೆ ಕಡೆ ಹೋಗೋಣವೇ ಎಂದು ನಿನ್ನ ಭಾವನನ್ನು ಕೇಳಿದೆ. ಊರು ಒಟ್ಟಿಗೆ ಸಾಗುತ್ತದೆ, ಒಟ್ಟಿಗೆ ಕಟ್ಟುತ್ತದೆ, ಒಂಟಿ ಮನೆ ಕಟ್ಟಿದರೆ ನಾಳೆ ಯಾರೂ ಹಗ್ಗ ಹಿಡಿಯಲು ಬರುವುದಿಲ್ಲ ಎಂದರು. ಅದೂ ಸುಳ್ಳಲ್ಲ. ಹಾಗಾಗಿ ಎಲ್ಲರೂ ಹಳೆಯ ಜಾಗಕ್ಕೆ ಬಂದಿದ್ದೇವೆ. ನಮ್ಮ ಮನೆಯನ್ನು ಒಳ ಸಾಲಿನಿಂದ ತೆಗೆದು ಕೊನೆಗೆ ಕಟ್ಟಿಸಿದ್ದಾರೆ, ಹಿಂದೆ ಹಂದಿಗೂಡಿನ ತೆಪ್ಪ ಇರುತ್ತಿತ್ತಲ್ಲ, ಅಲ್ಲಿ. ಹಂದಿಗಳಿಗೆ ಒಳಸಾಲು ಸಿಕ್ಕಿದೆ.

ಈಗ ನೀನು ಕಾಯುತ್ತಿರುವ ಸುದ್ದಿ. ಮೀನು ಬಂದವು. ಹೊಟ್ಟೆ ತುಂಬ ಮೊಟ್ಟೆ ಹೊತ್ತ ತಾಯಿಮೀನುಗಳು ಹೊಸ ನೀರಿನ ಜೊತೆ ಬಂದು ಕರಿ ಮರಗಳ ನಡುವೆ ಸುತ್ತಾಡಿದವು. ನಾನು ದೋಣಿ ನಿಲ್ಲಿಸಿ ಎಷ್ಟೋ ಹೊತ್ತು ನೋಡಿದೆ. ಮುಳುಗಿದ ಎಲೆ, ಬೇರಿನ ಗಡ್ಡ, ಉದುರಿದ ಹಣ್ಣು, ಇದರಲ್ಲಿ ಏನಾದರೂ ಬೇಕಲ್ಲ ಅವಕ್ಕೆ? ಬೂದಿಯ ಕೆಸರಿನ ಮೇಲೆ ಮೊಟ್ಟೆ ಇಟ್ಟರೆ ಉಸಿರು ಕಟ್ಟುತ್ತದೆ. ಕೆಲವು ಇಟ್ಟವು. ಬಹಳಷ್ಟು ತಿರುಗಿ ಹೋದವು. ಕೊಕ್ಕರೆ ಕಾಲುವೆಯ ಕಡೆ ಹೋಗಿರಬಹುದು ಎಂದುಕೊಂಡಿದ್ದೇನೆ. ನೀನೂ ಹಾಗೇ ಅಂದುಕೋ.

ಪಿತೃಪಕ್ಷ ಶುರುವಾಗಿದೆ. ಬೆಳಗಿನ ಜಾವ ಮಠದ ತೆಪ್ಪದ ಸುತ್ತ ಅನ್ನದ ಉಂಡೆ ಎಸೆಯುವಾಗ ಅಪ್ಪ ಅಮ್ಮನ ಹೆಸರು ಹೇಳಿದೆ. ಅಕ್ಕಿ ಕಡಿಮೆ ಇತ್ತು, ಉಂಡೆ ಸಣ್ಣದಾಯಿತು.

ಕೊಲಾಪ್

*

ಜಿಲ್ಲಾ ಸೆರೆಮನೆ
ಆಶ್ವಯುಜ ಶುದ್ಧ ದಶಮಿ

ಅಕ್ಕಾ,

ಮೊನ್ನೆಯ ಗಾಳಿಗೆ ಇಲ್ಲಿಯೂ ತಗಡು ಹಾರಿಹೋಯಿತು. ಹೊರಗೋಡೆಯ ಪಕ್ಕದ ತೆಂಗು ಮುರಿದು ಬಿತ್ತು. ಸರೋವರದ ಕಡೆ ಏನಾಯಿತೆಂದು ಕಾವಲಿನವರನ್ನು ಕೇಳಿದರೆ ಗೊತ್ತಿಲ್ಲ ಎನ್ನುತ್ತಾರೆ. ಐಸ್ ದೋಣಿಯವನು ಬಂದಿಲ್ಲ.

ಎರಡು ಸಾಲು ಬರೆ. ನಿನ್ನ ಹೆಸರು ಮಾತ್ರ ಬರೆದು ಕಳಿಸಿದರೂ ಸಾಕು.

ನಿಮೊಲ್

*

ಕೊಕ್ಕರೆ ಕಾಲುವೆ
ಆಶ್ವಯುಜ ಬಹುಳ ಪಂಚಮಿ

ತಮ್ಮಾ,

ನಾನಿದ್ದೇನೆ. ಭಾವ ಇದ್ದಾರೆ. ಮನೆಯ ಅರ್ಧ ಇದೆ.

ಯಿಮ್ ಅಜ್ಜಿ ಹೋದಳು.

ಬರೆಯಲು ಇಷ್ಟು ದಿನ ಬೇಕಾಯಿತು. ಮಧ್ಯಾಹ್ನ ಗಾಳಿ ಎದ್ದಾಗ ಸರೋವರ ಕಪ್ಪಾಗಿತ್ತು. ಮೊದಲ ಅಲೆ ಬರುವುದನ್ನು ನಾವೆಲ್ಲ ನೋಡಿದೆವು, ಅದೇ ಮೊದಲ ಸಲ ನೋಡಿದ್ದು. ಇಷ್ಟು ವರ್ಷ ಆ ಕಡೆಯಿಂದ ಸದ್ದಷ್ಟೇ ಬರುತ್ತಿತ್ತು, ನಾವು ಒಳಗೆ ಕೂತು ಬಲೆ ಹೆಣೆಯುತ್ತಿದ್ದೆವು. ಈ ಸಲ ಎತ್ತಿದ ಗೋಡೆಯ ಹಾಗೆ ನೆಟ್ಟಗೆ ಬಂತು. ಮನೆ ಕಟ್ಟಿದ್ದ ಕರಿ ಮರಗಳು ಹಗ್ಗದ ಸಮೇತ ಕಿತ್ತು ಬಂದವು. ಬೇರಿಲ್ಲ ಎಂದು ನೀನು ಬರೆದಿದ್ದೆ. ನಿಜ, ಇರಲಿಲ್ಲ. ಮನೆಗಳಿಗೆ ಮನೆ ಬಡಿಯಿತು, ಮನೆಗಳಿಗೆ ಮರ ಬಡಿಯಿತು. ಒಳಸಾಲಿನ ಮನೆಗಳು ಒಂದರೊಳಗೊಂದು ಸಿಕ್ಕಿ ಪುಡಿಯಾದವು. ಕೊನೆಯಲ್ಲಿ ಕಟ್ಟಿಸಿದ್ದರಿಂದ ನಮ್ಮ ಮನೆ ಹಗ್ಗ ಹರಿದು ಬೇರೆಯಾಗಿ ತೇಲಿಹೋಯಿತು, ಅದಕ್ಕೇ ಉಳಿಯಿತು.

ಸೆಂಗ್ ತಾತ ಅಜ್ಜಿಯ ಕೈ ಹಿಡಿದು ದೋಣಿಗೆ ಎಳೆದನಂತೆ. ಅವಳು ತುಂಬಿದ ಭರಣಿಗಳನ್ನು ದೋಣಿಗೆ ಹಾಕದೆ ಬರುವುದಿಲ್ಲ ಎಂದಳಂತೆ. ನಮಗೆ ಇದು ಹುಚ್ಚು ಎನಿಸಬಹುದು. ಆದರೆ ಮುಂದಿನ ಮೀನಿನ ತನಕ ಊರಿನ ಬಾಯಿಗೆ ಇದ್ದದ್ದು ಆ ಭರಣಿಗಳಷ್ಟೇ. ಎರಡನ್ನು ದೋಣಿಗೆ ಇಳಿಸಿದಳು. "ಇನ್ನೊಂದು ತಡಿ, ಅದು ದೊಡ್ಡದು" ಎಂದು ಒಳಗೆ ಹೋದಳು. ಆಗ ಪಕ್ಕದ ಮನೆ ಬಂದು ಬಡಿಯಿತು. ಮಾರನೆಯ ದಿನ ಸುಟ್ಟ ಬುಡಗಳ ನಡುವೆ ಸಿಕ್ಕಳು. ಸುಡಲು ಸೌದೆ ಇರಲಿಲ್ಲ ತಮ್ಮಾ. ಸುತ್ತಲೂ ಕರಿ ಮರ, ಎಲ್ಲವೂ ನೀರು ಕುಡಿದು ನೆನೆದಿದ್ದವು. ದಂಡೆಯ ಕುಂಬಳದ ಗದ್ದೆಯವರು ತಮ್ಮ ಮನೆಯ ಬೇಲಿ ಕಿತ್ತು ತಂದುಕೊಟ್ಟರು.

ಉಳಿದ ಮನೆಗಳನ್ನು ಈಗ ಕೊಕ್ಕರೆ ಕಾಲುವೆಗೆ ಎಳೆದು ತಂದಿದ್ದೇವೆ. ನೀರು ಇಳಿಯುವ ತನಕ ಇಲ್ಲಿರುತ್ತೇವೆ. ಜಾಗ ಇಕ್ಕಟ್ಟಾಗಲಿಲ್ಲ.

ಕೊಲಾಪ್

*

ಜಿಲ್ಲಾ ಸೆರೆಮನೆ
ಕಾರ್ತಿಕ ಶುದ್ಧ ತದಿಗೆ

ಅಕ್ಕಾ,

ನಿನ್ನ ಕಾಗದ ಓದಿ, ಬುನ್ ಅಣ್ಣನಿಗೂ ಓದಿ ಹೇಳಿದೆ. ಅವನು ಅಜ್ಜಿಯನ್ನು ನೋಡಿದವನಲ್ಲ, ಅವಳ ಪ್ರಹೋಕ್ ತಿಂದವನು. ಅವತ್ತು ಇಬ್ಬರೂ ಊಟ ಮಾಡಲಿಲ್ಲ.

ಬೆಂಕಿ ವೈಶಾಖದಲ್ಲೇ ಆರಿತು ಎಂದು ನೀನು ಬರೆದಿದ್ದೆ. ಆರಿಲ್ಲ. ಮೊದಲು ಹುಳು, ಆಮೇಲೆ ಕುಂಬಳದ ಕಾಯಿ, ಹಕ್ಕಿ, ಮೀನಿನ ಮೊಟ್ಟೆ, ಈಗ ಅಜ್ಜಿ. ನೀರಿನ ಕೆಳಗೂ ನಡೆಯುತ್ತಲೇ ಇದೆ. ಇನ್ನು ಯಾವ ಕಡೆ ಏಳುತ್ತದೋ ಗೊತ್ತಿಲ್ಲ.

ಹಬ್ಬದ ಮಾಫಿಯಲ್ಲಿ ನನ್ನ ಹೆಸರಿದೆಯಂತೆ. ಹುಣ್ಣಿಮೆ ಕಳೆದು ಕೆಲವು ದಿನಕ್ಕೆ ಬಿಡುತ್ತಾರೆ. ಬುನ್ ಅಣ್ಣನ ಭಾವಮೈದ ರಾಜಧಾನಿಯಲ್ಲಿ ಕಟ್ಟಡದ ಕೆಲಸ ಮಾಡಿಸುತ್ತಾನೆ, ಬಂದರೆ ಇಟ್ಟುಕೊಳ್ಳುತ್ತಾನಂತೆ.

ನಾನು ಏನನ್ನೂ ಕೇಳುತ್ತಿಲ್ಲ. ತೀರ್ಪು ನನಗೆ ಗೊತ್ತು.

ನಿಮೊಲ್

*

ಪ್ರೆಕ್ ರೇಂಗ್
ಕಾರ್ತಿಕ ಬಹುಳ ಪಾಡ್ಯ

ತಮ್ಮಾ,

ನಿನ್ನೆ ಹುಣ್ಣಿಮೆ. ನೀರು ತಿರುಗಿ ಹೊರಗೆ ಹೊರಟಿತು. ದಾರಿಗೆ ಅಡ್ಡ ಎಲ್ಲ ಬಲೆಗಳನ್ನೂ ಕಟ್ಟಿದೆವು. ಹಿಂದೆ ಈ ದಿನ ಬಲೆ ಎತ್ತಲು ನಾಲ್ಕು ಜನ ಬೇಕಾಗುತ್ತಿತ್ತು, ನೀನು ಜಾರಿ ಮೀನಿನ ರಾಶಿಯ ಮೇಲೇ ಬೀಳುತ್ತಿದ್ದೆ. ನಿನ್ನೆ ನಾನೊಬ್ಬಳೇ ಎತ್ತಿದೆ. ಬಲೆಯ ತೂಕವೇ ಹೆಚ್ಚಾಗಿತ್ತು.

ನೀರು ತನ್ನ ಮಾತು ಹೇಳಿತು. ನಾನು ಅದನ್ನು ನಿನಗೆ ಬರೆಯಬೇಕೆಂದು ಕೂತಿದ್ದಾಗ ಸೆಂಗ್ ತಾತ ಬಂದ. ಅಜ್ಜಿ ಹೋದ ಮೇಲೆ ಅವನು ಯಾರ ಜಗಲಿಗೂ ಹತ್ತಿಲ್ಲ. ಬಂದವನು ಕೂರಲೂ ಇಲ್ಲ, ದೋಣಿಯಲ್ಲೇ ನಿಂತು ನಮ್ಮ ಕಂಬ ಹಿಡಿದುಕೊಂಡ.

"ತಮ್ಮನಿಗೆ ಬರೀತಿದೀಯ?"

ಹೌದೆಂದೆ.

"ಅವನು ಬರಲಿ ಅಂತ ಬರಿ."

ಬಲೆ ಖಾಲಿ ಇದೆ ತಾತ, ನೀರಿನ ಮಾತು ನೀನೇ ಮೀರಬಹುದೇ ಎಂದು ಕೇಳಿದೆ. ಕೇಳಬಾರದಿತ್ತು, ಆದರೂ ಕೇಳಿದೆ. ನಾಳೆ ಇದೇ ಮಾತು ಹಿಡಿದು ನಿನ್ನನ್ನು ಯಾರೂ ನೋಯಿಸಬಾರದಲ್ಲ.

ತಾತ ಕಂಬದ ಹಗ್ಗದ ಗಂಟು ಬಿಗಿ ಮಾಡಿದ. ಆಮೇಲೆ ಹೇಳಿದ: "ಕೆಳಗೆ ನೀರಿಲ್ಲ ಅಂತ ಅವನಿಗೆ ಗೊತ್ತಿರಲಿಲ್ಲ. ಮುಂದೆ ಮರ ಇಲ್ಲ ಅಂತ ನನಗೆ ಗೊತ್ತಿತ್ತು. ಅವನ ಕಾಗದ ಕಿವಿಯಾರೆ ಕೇಳಿದ್ದೆ. ನನ್ನ ಮೇಲೆ ತೀರ್ಪು ಹೇಳೋರು ಯಾರೂ ಇಲ್ಲ ಕೊಲಾಪ್. ನಾನು ಇಲ್ಲೇ ಇದೀನಿ. ಅವನೂ ಇರಲಿ."

ಅಷ್ಟು ಹೇಳಿ ಹುಟ್ಟು ಹಾಕುತ್ತ ಹೋದ. ಹಾಗಾಗಿ ನೀನು ಬರಬಹುದು. ಬೇಡ ಎನ್ನುವವರು ಯಾರೂ ಇಲ್ಲ. ಇದನ್ನು ಬಿಡಿಸಿ ಬರೆಯಬೇಕು, ಇಲ್ಲದಿದ್ದರೆ ನೀನು ಬಂದು ಬೆರಗಾಗುತ್ತೀಯ. ಬೇಡ ಎನ್ನಲು ಊರೇ ಇಲ್ಲ. ಕರಕು ಮರಕ್ಕೆ ಕಟ್ಟೋಣ ಎಂದವನು ಹೆಂಡತಿಯ ಜೊತೆ ಬಟ್ಟೆ ಕಾರ್ಖಾನೆಗೆ ಹೋದ. ಒಳಸಾಲಿನವರು ಮುರಿದ ಹಲಗೆ ಮಾರಿ ದಂಡೆಯ ಮೇಲೆ ತಗಡಿನ ಗುಡಿಸಲು ಹಾಕಿಕೊಂಡಿದ್ದಾರೆ, ಕೂಲಿ ಹುಡುಕುತ್ತಿದ್ದಾರೆ. ನಿನ್ನ ಭಾವ ಥಾಯ್ಲೆಂಡಿನ ಕಡಲ ದೋಣಿಗಳಿಗೆ ಜನ ಕರೆದೊಯ್ಯುವವನ ಜೊತೆ ಹೋದರು. ಹೋಗುವ ಮುಂಚೆ ನಿನ್ನ ಹೆಸರು ಹೇಳಿದರು, ಈ ವರ್ಷದಲ್ಲಿ ಮೊದಲ ಸಲ. "ನಿಮೊಲ್ ಬಂದರೆ ಹಗ್ಗ ಬದಲಾಯಿಸು ಅಂತ ಹೇಳು, ಹಳೇದಾಗಿದೆ" ಎಂದರು. ಕಡಲಿಗೆ ಹೋದವರಲ್ಲಿ ಎಷ್ಟು ಜನ ತಿರುಗಿ ಬರುತ್ತಾರೆಂದು ನಮಗಿಬ್ಬರಿಗೂ ಗೊತ್ತು, ಅದನ್ನು ನಾನು ಇಲ್ಲಿ ಬರೆಯುವುದಿಲ್ಲ.

ಈಗ ನೀರ ಮೇಲೆ ಉಳಿದಿರುವುದು ಮಠದ ತೆಪ್ಪ, ಸೆಂಗ್ ತಾತ ಮುರಿದ ಹಲಗೆಗಳಿಂದ ಕಟ್ಟಿಕೊಂಡ ಗೂಡು, ಮತ್ತೆ ನಮ್ಮ ಅರ್ಧ ಮನೆ. ನೀರು ಇಳಿಯುತ್ತಿರುವುದರಿಂದ ಮೂರನ್ನೂ ಬಯಲು ನೀರಿಗೆ ತಂದು ಕಟ್ಟಿದ್ದೇವೆ.

ರಾಜಧಾನಿಗೆ ಹೋಗುವುದಾದರೆ ಹೋಗು. ಅಲ್ಲಿ ಕೆಲಸ ಇದೆ, ಇಲ್ಲಿ ಇಲ್ಲ. ಇಲ್ಲಿ ಊಟವೂ ಇಲ್ಲ ಎನ್ನಬೇಕು. ಅಕ್ಕ ಆಗಿ ಹೇಳಬೇಕಾದ ಮಾತು ಇದು, ಹೇಳಿದೆ.

ಬರುವುದಾದರೆ ದಾರಿ ಹೇಳುತ್ತೇನೆ. ದಂಡೆಯಲ್ಲಿ ದೋಣಿ ಹತ್ತು. ಹಿಂದೆ ಎರಡು ಕವಲು ರೇಂಗ್ ಮರದ ಹತ್ತಿರ ಎಡಕ್ಕೆ ತಿರುಗಿ, ಬಳ್ಳಿಯ ಸುರಂಗದಲ್ಲಿ ತಲೆ ಬಗ್ಗಿಸಿ, ಕೊಂಬೆಯ ಇರುವೆಗಳಿಂದ ಕಚ್ಚಿಸಿಕೊಂಡು, ಅರ್ಧ ದಿನ ಸುತ್ತಿ ಬರಬೇಕಿತ್ತು. ಗುರುತು ತಪ್ಪಿದರೆ ಕಾಡಿನೊಳಗೇ ಕತ್ತಲಾಗುತ್ತಿತ್ತು. ಈಗ ಯಾವ ತಿರುವೂ ನೆನಪಿಟ್ಟುಕೊಳ್ಳಬೇಕಾಗಿಲ್ಲ. ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ನೆಟ್ಟಗೆ ಬಾ. ನಡುವೆ ಅಡ್ಡ ಬರುವಂಥದ್ದು ಏನೂ ಇಲ್ಲ. ದಂಡೆಯಿಂದ ಹೊರಟ ಕೂಡಲೇ ನಾವು ಕಾಣುತ್ತೇವೆ.

ನಿನ್ನ ಅಕ್ಕ
ಕೊಲಾಪ್